ನಾನೂರ ಹನ್ನೆರಡು ಅಶ್ವಶಕ್ತಿ

"ಗುರುಗಳೇ, ಸಿಟ್ಟನ್ನು ಬಿಡು ಎನ್ನುತ್ತೀರಿ. ಸುಳ್ಳನ್ನು ಕಂಡಾಗ ಬರುವ ಸಿಟ್ಟನ್ನೂ ಬಿಡಬೇಕೇ?"

ಕೇಳಿದವನು ಅಡವೀಶನೆಂಬ ಶಿಷ್ಯ. ಜೊತೆಯವನೊಬ್ಬ ಓದದ ಗ್ರಂಥವನ್ನು ಓದಿದೆನೆಂದು ಹೇಳಿ ಎಲ್ಲರಿಂದ ಹೊಗಳಿಸಿಕೊಂಡಿದ್ದ. ಗುರುಗಳು ಅವನನ್ನು ಕೂರಿಸಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಕಾರುಗಳಿಗೆ ಟರ್ಬೊ ಕೂರಿಸಿ ಬಲ ಹೆಚ್ಚಿಸುವುದು ಅವನ ಕಸುಬು. ಟರ್ಬೊ ಎಂದರೆ ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುವ ಸಾಧನ. ಗಾಳಿ ಹೆಚ್ಚು ಹೋದರೆ ಪೆಟ್ರೋಲು ಹೆಚ್ಚು ಉರಿಯುತ್ತದೆ, ಬಲ ಹೆಚ್ಚುತ್ತದೆ. ಇಷ್ಟು ತಿಳಿದರೆ ಸಾಕು.

ಆ ಊರಿನಲ್ಲಿ ವರ್ಷಕ್ಕೊಮ್ಮೆ ಕಾರುಗಳ ಪ್ರದರ್ಶನ ನಡೆಯುತ್ತಿತ್ತು. ಅಲ್ಲಿ ಕಾರುಗಳನ್ನು ಓಡಲು ಬಿಡುವುದಿಲ್ಲ. ಡೈನೊ ಎಂಬ ಯಂತ್ರದ ಉರುಳೆಗಳ ಮೇಲೆ ಹತ್ತಿಸಿ, ಅಲುಗದಂತೆ ಪಟ್ಟಿಗಳಿಂದ ಬಿಗಿದು, ಎಂಜಿನ್ನಿನ ಪೂರ್ತಿ ಬಲ ಹಾಕಿಸುತ್ತಾರೆ. ಚಕ್ರ ತಿರುಗುತ್ತದೆ, ಕಾರು ನಿಂತಲ್ಲೇ ಇರುತ್ತದೆ. ಅದರ ಬಲ ಎಷ್ಟು ಅಶ್ವಶಕ್ತಿಯೆಂದು ಯಂತ್ರ ಹಲಗೆಯ ಮೇಲೆ ತೋರಿಸುತ್ತದೆ. ದೊಡ್ಡ ಅಂಕಿ ಯಾರದೋ ಅವನು ಗೆದ್ದ.

ಹಿಂದಿನ ವರ್ಷ ಮೆಕ್ಯಾನಿಕ್ ಒಬ್ಬ ವ್ಯಾಪಾರಿಯ ಕಾರಿಗೆ ಸೋತಿದ್ದ. ಅಂದಿನಿಂದ ಬೀದಿಯವರು ಅವನನ್ನು 'ಎರಡನೇ ನಂಬರ್' ಎಂದೇ ಕರೆಯುತ್ತಿದ್ದರು. ಈ ಸಲವೂ ಸೋತರೆ ಸ್ಪ್ಯಾನರ್ ಮುಟ್ಟುವುದಿಲ್ಲವೆಂದು ಅವನು ಎಲ್ಲರೆದುರು ಆಣೆ ಮಾಡಿದ್ದ. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ. ಅದಕ್ಕೇ ಹೇಳುತ್ತೇನೆ, ಅವನಿಗೆ ಇದು ಆಟವಾಗಿರಲಿಲ್ಲ.

ಹನ್ನೊಂದು ತಿಂಗಳು ದುಡಿದ. ಎರಡು ಸಲ ಪಿಸ್ಟನ್ ಕರಗಿತು, ಎರಡು ಸಲವೂ ಎಂಜಿನ್ ಬಿಚ್ಚಿ ಮತ್ತೆ ಕಟ್ಟಿದ. ಪ್ರದರ್ಶನದ ದಿನ ಅವನ ಕಾರಿಗೆ ನಾನೂರ ಹನ್ನೆರಡು ಬಂತು. ಊರಿನಲ್ಲಿ ಅಷ್ಟು ದೊಡ್ಡ ಅಂಕಿಯನ್ನು ಯಾರೂ ಕಂಡಿರಲಿಲ್ಲ. ಜನ ಅವನನ್ನು ಹೆಗಲ ಮೇಲೆ ಎತ್ತಿದರು.

ಆಮೇಲೆ ವ್ಯಾಪಾರಿಯ ಕಾರು ಹತ್ತಿತು. ನಾನೂರ ಮೂವತ್ತೊಂದು. ಎತ್ತಿದವರೇ ಅವನನ್ನು ಇಳಿಸಿದರು.

"ಏನಪ್ಪಾ ಮೇಸ್ತ್ರಿ, ಹೋದ ವರ್ಷವೂ ಇದೇ ಮುಖ ಇತ್ತಲ್ಲ ನಿಂದು!" ಎಂದು ವ್ಯಾಪಾರಿ ನಕ್ಕ.

ಮೆಕ್ಯಾನಿಕ್ ತಲೆ ತಗ್ಗಿಸಿದಾಗ ಅವನಿಗೆ ಒಂದು ತಂತಿ ಕಂಡಿತು. ಈ ತಂತಿಯ ವಿಷಯ ಬಿಡಿಸಿ ಹೇಳಬೇಕು. ಅದರ ತುದಿ ಸುತ್ತಲಿನ ಗಾಳಿಯ ಬಿಸಿಯನ್ನು ಅಳೆದು ಯಂತ್ರಕ್ಕೆ ತಿಳಿಸುತ್ತದೆ. ಬಿಸಿ ಗಾಳಿಯಲ್ಲಿ ಎಂಜಿನ್ನಿನ ಬಲ ಕುಗ್ಗುತ್ತದೆ, ಆದ್ದರಿಂದ ಯಂತ್ರ ಆ ನಷ್ಟಕ್ಕೆ ತಕ್ಕಷ್ಟು ಅಂಕಿಯನ್ನು ತಾನೇ ಕೂಡಿಸುತ್ತದೆ. ತಂತಿ ಬಯಲ ಗಾಳಿಯಲ್ಲಿ ತೂಗಬೇಕು. ಅದು ಯಂತ್ರದ ಕಂಬಕ್ಕೆ ಸಿಕ್ಕಿಕೊಂಡು, ಹತ್ತಿದ ಕಾರಿನ ಹೊಗೆಕೊಳವೆಯ ಪಕ್ಕದಲ್ಲಿತ್ತು. ಕೊಳವೆಯ ಕಾವನ್ನೇ ಗಾಳಿಯ ಬಿಸಿಯೆಂದು ತಿಳಿದು ಯಂತ್ರ ಇಲ್ಲದ ಬಲವನ್ನು ಕೂಡಿಸಿತ್ತು.

ಮೆಕ್ಯಾನಿಕ್‌ನ ನೆತ್ತಿಗೆ ರಕ್ತ ಏರಿತು. ವ್ಯಾಪಾರಿಯ ಕೊರಳಪಟ್ಟಿ ಹಿಡಿದ.

"ಕಳ್ಳ ನನ್ಮಗನೇ! ನನ್ನ ಹನ್ನೊಂದು ತಿಂಗಳನ್ನು ಒಂದು ತಂತಿಯಲ್ಲಿ ನುಂಗಿಬಿಟ್ಟೆಯಲ್ಲೋ! ಹೋದ ವರ್ಷವೂ ಹೀಗೇ ಗೆದ್ದೆಯೇನೋ?"

ಜನ ಅವನ ಹಿಂದೆ ನಿಂತು ಕೂಗಿದರು. ಯಾರೋ ವ್ಯಾಪಾರಿಯ ಕಾರಿನ ಗಾಜಿಗೆ ಕಲ್ಲು ಬೀಸಿದರು. ಆಗ ಡೈನೊ ನಡೆಸುವ ಮುದುಕ ನಡುವೆ ಬಂದ.

"ಅಣ್ಣಾ, ಕೈ ಬಿಡು. ಆ ತಂತಿಯನ್ನು ಅಲ್ಲಿ ಇಟ್ಟವನು ನಾನು. ಗಾಳಿಗೆ ಹಾರಾಡುತ್ತದೆಂದು ಬೆಳಿಗ್ಗೆ ಅಲ್ಲಿ ಸಿಕ್ಕಿಸಿದೆ, ಆಮೇಲೆ ಯಾರೂ ಮುಟ್ಟಿಲ್ಲ. ನಿನ್ನ ಕಾರು ಹತ್ತಿದಾಗಲೂ ಅದು ಅಲ್ಲೇ ಇತ್ತು. ತಪ್ಪು ನನ್ನದು. ಈಗ ಬಯಲಿಗೆ ಹಾಕುತ್ತೇನೆ, ಇಬ್ಬರದನ್ನೂ ಮತ್ತೆ ಅಳೆಯೋಣ. ನಿನ್ನಿಂದಲೇ ಶುರು ಮಾಡಲೇ?"

ಮೆಕ್ಯಾನಿಕ್ ಹಲಗೆಯ ಕಡೆ ನೋಡಿದ. ನಾನೂರ ಮೂವತ್ತೊಂದರ ಕೆಳಗೆ ಅವನ ನಾನೂರ ಹನ್ನೆರಡು ಇನ್ನೂ ಅಲ್ಲಿತ್ತು. ಅದು ಎಷ್ಟಕ್ಕೆ ಇಳಿಯಬಹುದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನ ಹಿಡಿ ಸಡಿಲವಾಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ನನ್ನದು ಯಾಕೆ? ಅವನದನ್ನು ಮಾತ್ರ ಅಳೆ!" ಎಂದು ಕೂಗಿದ.

ಕೂಗುತ್ತಿದ್ದ ಜನ ಒಬ್ಬೊಬ್ಬರಾಗಿ ಹಿಂದೆ ಸರಿದರು. ಮುದುಕ ಮೂರು ಸಲ ಕೇಳಿದ. ಮೂರು ಸಲವೂ ಮೆಕ್ಯಾನಿಕ್ ಅದನ್ನೇ ಹೇಳಿದ. ಒಬ್ಬನದನ್ನು ಮಾತ್ರ ಅಳೆಯಲು ಬರುವುದಿಲ್ಲವೆಂದು ಮುದುಕ ಯಂತ್ರ ನಿಲ್ಲಿಸಿದ. ಗೆಲುವು ವ್ಯಾಪಾರಿಗೇ ಉಳಿಯಿತು. ಮೆಕ್ಯಾನಿಕ್ ಆಣೆಯಂತೆ ಕಸುಬು ಬಿಟ್ಟ. ಸಿಕ್ಕವರಿಗೆಲ್ಲ ತನಗಾದ ಮೋಸವನ್ನು ಹೇಳುತ್ತಾ, ವ್ಯಾಪಾರಿಯನ್ನು ಶಪಿಸುತ್ತಾ ಅವನ ಉಳಿದ ದಿನಗಳು ಹೋದವು.

ಗುರುಗಳು ಕತೆ ನಿಲ್ಲಿಸಿದರು. ಅಡವೀಶನಿಗೆ ತಡೆಯಲಾಗಲಿಲ್ಲ. "ಆದರೂ ಅಲ್ಲಿ ಸುಳ್ಳು ನಡೆದದ್ದು ನಿಜ ತಾನೇ, ಗುರುಗಳೇ? ಸುಳ್ಳಿನ ಮೇಲೆ ಅವನು ಸಿಟ್ಟಾದದ್ದು ತಪ್ಪೇ?"

"ಸಿಟ್ಟು ಸುಳ್ಳಿನ ಮೇಲಾಗಿದ್ದರೆ ಅವನು ತನ್ನ ಕಾರನ್ನೇ ಮೊದಲು ಹತ್ತಿಸುತ್ತಿದ್ದ."