ಖಾಲಿ ಎಂದುಕೊಂಡ ಜಾಗ

"ಮೇಷ್ಟ್ರೇ, ಪ್ರೋಗ್ರಾಂ ತನ್ನ ಹೊಟ್ಟೆಯೊಳಗಿನದನ್ನು ತಾನೇ ಅಚ್ಚು ಹಾಕಿ ಕೊಟ್ಟ ಮೇಲೂ ಅದು ಸುಳ್ಳಾಗುವುದುಂಟೇ?" ಎಂದು ಅಂಕಪಟ್ಟಿಯ ಪ್ರೋಗ್ರಾಂ ಬರೆದ ಗಿರಿಮಲ್ಲ ಕೇಳಿದ.

ಅವನ ಕೈಯಲ್ಲಿ ಎರಡು ಕಾಗದಗಳಿದ್ದವು. ಒಂದು, ಅವನು ತನ್ನ ಪ್ರೋಗ್ರಾಮಿನಿಂದಲೇ ತೆಗೆಸಿದ ಮೆಮೊರಿಯ, ಅಂದರೆ ಓಡುವಾಗ ಯಂತ್ರ ನೆನಪಿಟ್ಟುಕೊಂಡಿದ್ದೆಲ್ಲದರ, ಅಚ್ಚು. ಇನ್ನೊಂದು, ಪರೀಕ್ಷೆಯ ಅಂಕವನ್ನು ತಪ್ಪಾಗಿ ತುಂಬಿದವಳು ಚಂಪಕ್ಕನೇ ಎಂಬ ವರದಿ. ಅದಕ್ಕೆ ಮೇಷ್ಟ್ರ ರುಜು ಬಿದ್ದರೆ, ಇಪ್ಪತ್ತು ವರ್ಷ ಕೀಲಿಮಣೆಯ ಮುಂದೆ ಕೂತ ಚಂಪಕ್ಕ ಕೆಲಸ ಕಳೆದುಕೊಳ್ಳುತ್ತಾಳೆ. ಪದ್ಮಯ್ಯ ಮೇಷ್ಟ್ರು ದೊಡ್ಡ ಯಂತ್ರಗಳ ನಡುವೆಯೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಅವರು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಕೂತುಕೋ ಎಂದು ಹೇಳಿ ಒಂದು ಕತೆ ತೆಗೆದರು.

ಒಂದು ಆಸ್ಪತ್ರೆಯ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿಗೆ ಒಬ್ಬ ಪ್ರೋಗ್ರಾಮರ್ ಇದ್ದ. ರೋಗಿಯ ತೂಕ ನೋಡಿ ಔಷಧದ ಚೀಟಿ ಅಚ್ಚು ಹಾಕುವುದು ಅವನ ಪ್ರೋಗ್ರಾಮಿನ ಕೆಲಸ. ಒಂದು ಬೆಳಿಗ್ಗೆ ಮೊದಲ ಚೀಟಿಯಲ್ಲೇ, ಹನ್ನೆರಡು ಕಿಲೋ ತೂಗುವ ಮಗುವಿಗೆ ಮೂವತ್ತಾರು ಕಿಲೋದವರ ಔಷಧ ಎಂದು ಬಂತು. ಒಬ್ಬ ನರ್ಸ್ ಅದನ್ನು ಕಂಡು ಹೌಹಾರಿ ಔಷಧ ಕೊಡದೆ ನಿಂತಳು. ಮಗು ಉಳಿಯಿತು. ಉಳಿದ ಚೀಟಿಗಳನ್ನು ಕೈಯಲ್ಲೇ ಬರೆದರು. ಆದರೆ ತೂಕ ತುಂಬಿದವಳೂ ಅವಳೇ. ತುಂಬಿದ್ದು ಹನ್ನೆರಡೇ ಎಂದು ಎಷ್ಟು ಹೇಳಿಕೊಂಡರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೋಮವಾರ ಅವಳನ್ನು ಮನೆಗೆ ಕಳಿಸುವುದೆಂದು ತೀರ್ಮಾನವಾಯಿತು.

ಪ್ರೋಗ್ರಾಮರ್ ಕೆಟ್ಟವನೇನಲ್ಲ. ನೋಡಿಯೇ ಬಿಡೋಣ ಎಂದುಕೊಂಡ. ಪ್ರೋಗ್ರಾಂ ಕೆಟ್ಟು ನಿಂತರೆ ಯಂತ್ರವೇ ಅದರ ಮೆಮೊರಿಯನ್ನೆಲ್ಲ ಹೊರಗೆ ಸುರಿಯುತ್ತದೆ. ಇದು ನಿಂತೇ ಇರಲಿಲ್ಲ, ತಪ್ಪು ಹೇಳಿಕೊಂಡೇ ಆರಾಮಾಗಿ ಓಡಿತ್ತು. ಅದಕ್ಕೆ ಅವನು ಪ್ರೋಗ್ರಾಮಿನೊಳಗೇ ಒಂದು ತುಂಡು ಬರೆದು ಸೇರಿಸಿ, ಆ ಮಗುವಿನ ಚೀಟಿಗಾಗಿ ಅದನ್ನು ಮತ್ತೆ ಓಡಿಸಿದ. ಆ ತುಂಡು ಮೆಮೊರಿಯನ್ನು ಸಾಲುಸಾಲಾಗಿ ಜೋಡಿಸಿ ಅಚ್ಚು ಹಾಕಬೇಕು. ಎಡಕ್ಕೆ ಮೆಮೊರಿಯ ಆಯಾ ಜಾಗದ ಸಂಖ್ಯೆ, ಅಂದರೆ ವಿಳಾಸ, ನಡುವೆ ಯಂತ್ರದ ಅಂಕಿ, ಬಲಕ್ಕೆ ನಾವು ನೀವು ಓದುವ ಅಕ್ಷರ.

ಕಾಗದ ಹೊರಬಂತು. ಹತ್ತು ವರ್ಷ ಕಣ್ಣಿಗೆ ಕಾಣದ್ದನ್ನು ನಂಬಿ ಬರೆದವನು ಅವನು. ಈಗ ಮಗುವಿನ ಹೆಸರು, ಹಾಸಿಗೆಯ ಸಂಖ್ಯೆ, ತಾನು ಬರೆದ ಆಜ್ಞೆಗಳು ಎಲ್ಲವೂ ಅಕ್ಕಪಕ್ಕ ಮಲಗಿದ್ದವು. ಬಗ್ಗಿ ತೂಕದ ಜಾಗ ನೋಡಿದ. ಹನ್ನೆರಡು ಇರಲಿಲ್ಲ, ಮೂವತ್ತೆಂಟು ಇತ್ತು. ಹಾಗಾದರೆ ತಪ್ಪು ಅವಳದೇ ಎಂದು ವರದಿ ಬರೆಯಲು ಕೂತ.

ಅರ್ಧಕ್ಕೆ ಕೈ ನಿಂತಿತು. ಚೀಟಿಯಲ್ಲಿ ಮೂವತ್ತಾರು, ಇಲ್ಲಿ ಮೂವತ್ತೆಂಟು ಹೇಗೆ? ಮತ್ತೆ ಕಾಗದ ಹಿಡಿದು ಆ ಅಂಕಿಯ ಎಡಬಲ ಓದಿದ. ಅದೇ ಕಾಗದದಲ್ಲಿ ಅದಕ್ಕಿಂತ ಮೊದಲು ಅಚ್ಚಾದ ಸಾಲೇ ತೂಕದ ಜಾಗದಲ್ಲಿ ಮತ್ತೆ ಕೂತಿತ್ತು. ಮೂವತ್ತೆಂಟು ಆ ಸಾಲಿನ ವಿಳಾಸದ ಒಂದು ಚೂರು.

ಜಾಗ ಉಳಿಸಿದವನೇ ಜಾಣ ಎನ್ನುವುದು ನಮ್ಮ ಕಸುಬಿನವರ ಹಳೆಯ ಚಾಳಿ. ಅಚ್ಚಿನ ಸಾಲು ಜೋಡಿಸಲು ಅವನು ಮೆಮೊರಿಯಲ್ಲಿ ಬೇರೆ ಜಾಗ ತೆಗೆದಿಟ್ಟಿರಲಿಲ್ಲ. ಖಾಲಿ ಇದೆ ಎಂದು ತಾನೇ ಅಂದುಕೊಂಡ ಕಡೆ ಜೋಡಿಸಿದ್ದ. ಅದು ತೂಕ ಇಡುವ ಜಾಗ. ನೋಡಲು ಹೋದವನು ನೋಡಬೇಕಾದ್ದನ್ನೇ ಅಳಿಸಿದ್ದ.

ನಾಚಿಕೆಯಾಯಿತು. ಆ ತುಂಡಿಗೆ ಅದರದೇ ಆದ ಜಾಗ ಕೊಟ್ಟು ಎರಡು ಸಲ ಅಚ್ಚು ತೆಗೆದ. ಹೆಸರು, ಹಾಸಿಗೆಯ ಸಂಖ್ಯೆ ಇರುವ ಚೀಟಿಯ ತಲೆಬರಹವನ್ನು ಪ್ರೋಗ್ರಾಂ ಜೋಡಿಸುವ ಮೊದಲು ತೂಕ ಹನ್ನೆರಡು. ಜೋಡಿಸಿದ ಮೇಲೆ ಮೂವತ್ತಾರು. ಮೂವತ್ತಾರು ಆ ಮಗುವಿನ ಹಾಸಿಗೆಯ ಸಂಖ್ಯೆ. ಹಿಂದಿನ ದಿನವಷ್ಟೇ ಅವನು ತಲೆಬರಹವನ್ನು ತಿದ್ದಿದ್ದ, ಜೋಡಿಸಲು ಅದೇ ಜಾಗವನ್ನು ಖಾಲಿ ಎಂದುಕೊಂಡೇ ಬಳಸಿದ್ದ.

ಅವನು ಎದ್ದು ನಿಂತ. ತನ್ನ ತಪ್ಪಿನ ಮೇಲೆ ತಪ್ಪು ಬಿದ್ದರೂ ಯಂತ್ರ ಅದನ್ನೂ ಬಿಡದೆ ಬರೆದುಕೊಟ್ಟಿತಲ್ಲ ಎಂದು ಬೆರಗಾಗಿ, ಬಹಳ ಹೊತ್ತು ಆ ಕಾಗದದ ಮುಂದೆ ಕೈಕಟ್ಟಿ ನಿಂತಿದ್ದ. ಆಮೇಲೆ ನರ್ಸ್ ಇದ್ದಲ್ಲಿಗೆ ಹೋದ.

"ಸಿಸ್ಟರ್, ನೀವು ತುಂಬಿದ್ದು ಹನ್ನೆರಡೇ. ಅಳಿಸಿದವನು ನಾನು. ಹುಡುಕಲು ಹೋಗಿ ಇನ್ನೊಂದು ಸಲ ಅಳಿಸಿದೆ" ಎಂದ.

ಮೇಷ್ಟ್ರು ಕತೆ ಅಲ್ಲಿಗೆ ನಿಲ್ಲಿಸಿ, ಗಿರಿಮಲ್ಲ ತಂದಿದ್ದ ಅಚ್ಚನ್ನು ಅವನ ಮುಂದೆ ಬಿಡಿಸಿಟ್ಟರು.

"ಗಿರಿಮಲ್ಲ, ಈ ಸಾಲುಗಳನ್ನು ನೀನು ಯಾರ ಜಾಗದಲ್ಲಿ ಕೂತು ಜೋಡಿಸಿದೆ?"

ಗಿರಿಮಲ್ಲ ವರದಿಯನ್ನು ಮಡಚಿ ಜೇಬಿಗಿಟ್ಟು, ಅಚ್ಚಿನಲ್ಲಿ ಅಂಕದ ಜಾಗದ ಎಡಬಲ ಓದಲು ಬಗ್ಗಿದ.