ರಕ್ತದ ರುಚಿ ನೋಡಿದ ಜಿಗಣೆ

“ಕೀಲುನೋವು ಮುಚ್ಚಿಟ್ಟು ನಾನು ಕೆಟ್ಟೆ, ನೀವಾದರೂ ರುಚಿ ನೋಡಿ ರಕ್ತದ ಕೆಡುಕು ಹೇಳುವ ಕೆರೆಯ ಜಿಗಣೆಗೆ ರಕ್ತ ತೋರಿಸಿ,” ಎಂದು ಎಮ್ಮೆ ಗಂಡನಿಗೆ ಹೇಳಿ ಕಣ್ಣುಮುಚ್ಚಿತು.

ಕೋಣನಿಗೂ ಅದೇ ನೋವು ಶುರುವಾಗಿತ್ತು. ಒಂದು ತಿಂಗಳು ಕೆರೆಯ ಕಡೆ ತಲೆ ಹಾಕಲಿಲ್ಲ. ಕೊನೆಗೆ ಹೆದರುತ್ತಲೇ ನೀರಿಗಿಳಿಯಿತು.

ಜಿಗಣೆ ಒಂದು ಗುಟುಕು ಹೀರಿತು. “ರುಚಿ ಕೆಟ್ಟಿದೆ ಮಾವ. ಮೈ ಕಾಯಬೇಕಾದ ರಕ್ತ ಮೈಯನ್ನೇ ಕಚ್ಚುತ್ತಿರುವ ಹಾಗಿದೆ.”

“ಹಾಗಾದರೆ ನನ್ನ ಕಥೆಯೂ ಮುಗೀತು.”

“ಹಾಗಂತ ನಾನಂದೆನಾ? ನನಗೆ ಗೊತ್ತಿರೋದು ರುಚಿಯೊಂದೇ. ನಿನ್ನ ಕಾಲು ಮುಟ್ಟಿ, ನೋವು ಕೇಳಿ, ಈ ರುಚಿಯನ್ನೂ ಕೂಡಿಸಿ ರೋಗ ಹೇಳುವವಳು ಮದ್ದು ಬಲ್ಲ ಆನೆಯಜ್ಜಿ. ಅಲ್ಲಿಗೆ ಹೋಗು.”

ಕೋಣ ಆನೆಯಜ್ಜಿಯ ದಾರಿಯತ್ತ ನೋಡಿತು. ನೋವು ಮುಚ್ಚಿಟ್ಟ ಹೆಂಡತಿ ಕೊನೆಯವರೆಗೂ ತುಳಿಯದ ದಾರಿ ಅದು.

ಮರುದಿನ ಬೆಳಿಗ್ಗೆ ಕೋಣ ಜಿಗಣೆಯನ್ನು ಕಿವಿಗೆ ಕಚ್ಚಿಸಿಕೊಂಡು ಕುಂಟುತ್ತ ಹೋಗಿ, ಆನೆಯಜ್ಜಿ ಕೇಳುವ ಮೊದಲೇ ಕಾಲು ಮುಂದೆ ಚಾಚಿತು.