ಸೋಫಾ ಸಮೇತ ಒಪ್ಪಿಕೊಂಡ ಅಧ್ಯಕ್ಷ

ಮುದ್ದಿಗೆರೆ ಎಂಬ ಊರಿನಲ್ಲಿ ಇಬ್ಬರು ಅಧ್ಯಕ್ಷರಿದ್ದರು. ಪುರಸಭೆಗೆ ಷಡಕ್ಷರಪ್ಪ ಅಧ್ಯಕ್ಷ. ಅದೇ ಪುರಸಭೆಯಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕರ ಸಂಘಕ್ಕೆ ಸಣ್ಣೀರಮ್ಮ ಅಧ್ಯಕ್ಷೆ.

ಸಣ್ಣೀರಮ್ಮನ ಗಂಟಲು ಊರಿಗೆಲ್ಲ ಹೆಸರುವಾಸಿ. ಬಸ್ ನಿಲ್ದಾಣದಲ್ಲಿ ನಿಂತು ಅವಳು ಒಂದು ಘೋಷಣೆ ಕೂಗಿದರೆ, ಹೊರಟ ಬಸ್ಸಿನ ಡ್ರೈವರು ಯಾರೋ ನಿಲ್ಲಿಸಲು ಹೇಳಿದರೆಂದು ಬ್ರೇಕ್ ಹಾಕುತ್ತಿದ್ದ. ಷಡಕ್ಷರಪ್ಪನಿಗೆ ಅಂಥ ಗಂಟಲಿರಲಿಲ್ಲ. ಅವನದು ಪಾತ್ರೆ ಅಂಗಡಿ. ಒಂದು ಚೊಂಬಿಗೆ ಬೆಲೆ ಹೇಳಿ, ಗಿರಾಕಿ ಬೈದು, ಎದ್ದು ಹೋಗಿ, ಮತ್ತೆ ವಾಪಸು ಬಂದು ಕೊಂಡರೇನೇ ಅವನಿಗೆ ವ್ಯಾಪಾರ ಮಾಡಿದ ತೃಪ್ತಿ. ಹೇಳಿದ ಬೆಲೆಗೆ ತೆಗೆದುಕೊಂಡು ಹೋದ ಗಿರಾಕಿಯನ್ನು ಕಂಡರೆ ಅವನಿಗೆ ಮರುಕ.

ಸಂಬಳ ಏರಿಸುವ ಮಾತುಕತೆಯೂ ಆ ಊರಿನಲ್ಲಿ ಚೊಂಬಿನ ವ್ಯಾಪಾರದಂತೆಯೇ ನಡೆಯುತ್ತಿತ್ತು. ಸಣ್ಣೀರಮ್ಮ ಆಕಾಶದಷ್ಟು ಕೇಳುತ್ತಿದ್ದಳು. "ಬೊಕ್ಕಸದಲ್ಲಿ ಜಿರಲೆ ಬಿಟ್ಟರೆ ಬೇರೇನಿಲ್ಲ ಕಣಮ್ಮ" ಎಂದು ಷಡಕ್ಷರಪ್ಪ ಮನೆದೇವರ ಮೇಲೆ ಆಣೆ ಇಡುತ್ತಿದ್ದ. ಅವಳು ಮೇಜು ಗುದ್ದುತ್ತಿದ್ದಳು. ಅವನು ಕಣ್ಣೊರೆಸಿಕೊಳ್ಳುತ್ತಿದ್ದ. ಕೊನೆಗೆ ಕೇಳಿದ್ದರಲ್ಲಿ ಅರ್ಧಕ್ಕೆ ಒಪ್ಪಂದವಾಗಿ, ಇಬ್ಬರೂ ತಾವೇ ಗೆದ್ದೆವೆಂದುಕೊಂಡು ಕಾಫಿ ಕುಡಿದು ಮನೆಗೆ ಹೋಗುತ್ತಿದ್ದರು.

ಒಂದು ವರ್ಷ ಅಕ್ಕಿ, ಎಣ್ಣೆ, ಸಿಲಿಂಡರ್, ಮನೆ ಬಾಡಿಗೆ ಎಲ್ಲವೂ ಒಟ್ಟಿಗೆ ಏರಿದವು. ಹಳೇ ಸಂಬಳದಲ್ಲಿ ತಿಂಗಳು ದೂಡುವುದು ನಿಜಕ್ಕೂ ಕಷ್ಟವಾಯಿತು. ಸಂಘದವರು ಪುರಸಭೆಯ ಹಿಂದಿನ ಹೊಂಗೆಮರದ ಕೆಳಗೆ ಸೇರಿದರು. ಎಲ್ಲರ ಮನೆಯ ಕಷ್ಟಸುಖ ಕೇಳಿ ಲೆಕ್ಕ ಹಾಕಿದಾಗ, ಈಗಿನ ಸಂಬಳದ ಒಂದೂವರೆ ಪಟ್ಟು ಸಿಕ್ಕರೆ ಮರ್ಯಾದೆಯಿಂದ ಬದುಕಬಹುದು ಅನ್ನಿಸಿತು.

"ಹಾಗಾದರೆ ಮೂರು ಪಟ್ಟು ಕೇಳೋಣ. ಆ ಯಪ್ಪ ಅರ್ಧ ಕೊಯ್ತಾನೆ. ನಮಗೆ ಬೇಕಾದ್ದು ಉಳಿಯುತ್ತೆ" ಅಂದಳು ಸಣ್ಣೀರಮ್ಮ.

ಕಸದ ಟ್ರ್ಯಾಕ್ಟರ್ ಓಡಿಸುವ ಮೆಹಬೂಬನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. "ಅಕ್ಕಾ, ಬಿಟ್ಟುಕೊಡೋಕೂ ಏನಾದರೂ ಇರಬೇಕು. ತಲೆಗೊಂದು ಸೋಫಾ ಅಂತ ಸೇರಿಸು. ಕೊನೇಲಿ 'ಹೋಗಲಿ, ಸೋಫಾ ಬೇಡ' ಅಂದರೆ ನಾವೂ ದೊಡ್ಡ ಮನಸ್ಸಿನವರು ಅನ್ನಿಸುತ್ತೆ."

"ನಮ್ಮ ಮನೇಲಿ ಸೋಫಾ ಇಟ್ಟರೆ ನಾವು ಬೀದೀಲಿ ಮಲಗಬೇಕಲ್ಲೋ?"

"ಕೊಟ್ಟರೆ ತಾನೇ ಅಕ್ಕಾ!"

ಎಲ್ಲರೂ ನಕ್ಕರು. ಸೋಫಾ ಸೇರಿತು.

ಷಡಕ್ಷರಪ್ಪ ಬೇಡಿಕೆ ಕೇಳಿ ಎಂದಿನಂತೆ ಎದೆ ಹಿಡಿದುಕೊಂಡ. ಎಂದಿನಂತೆ ಜಿರಲೆಯ ಮಾತಾಡಿದ. ಆದರೆ ಕಿಟಕಿಯಾಚೆ, ಊರಿನ ಬಾಗಿಲಲ್ಲಿ, ಅವನದೇ ಹೆಸರು ಕೆತ್ತಿಸಲಿರುವ ಸ್ವಾಗತ ಕಮಾನಿನ ಎರಡು ಕಂಬಗಳು ಆಗಲೇ ಎದ್ದು ನಿಂತಿದ್ದವು.

"ಆ ಕಂಬ ಜಿರಲೆ ಕಟ್ಟಿದವಾ ಸಾಹೇಬ್ರೆ?" ಅಂದಳು ಸಣ್ಣೀರಮ್ಮ.

ಷಡಕ್ಷರಪ್ಪನ ಮುಖ ಕೆಂಪಾಯಿತು. "ಒಂದು ಪೈಸೆ ಏರಿಸಲ್ಲ, ಹೋಗು" ಅಂದುಬಿಟ್ಟ. ಮರುದಿನದಿಂದ ಮುಷ್ಕರ ಶುರುವಾಯಿತು.

ಊರಿನಲ್ಲಿ ಕಸ ಬೆಳೆಯತೊಡಗಿತು. ಸಂತೆಮಾಳದ ಕೊಳೆತ ಟೊಮೇಟೊ, ಹೋಟೆಲಿನ ಬಾಳೆಲೆ, ಕೋಳಿ ಅಂಗಡಿಯ ಪುಕ್ಕ ಎಲ್ಲ ಒಂದಾಗಿ ಬೀದಿಗೆ ಬಂದವು. ಸಂಘದವರು ಮುಷ್ಕರಕ್ಕೆಂದು ಹಾಕಿದ್ದ ಚಪ್ಪರಕ್ಕೆ ಊರವರು ಬಂದು ಮಾತಾಡಿಸಿದರು. "ಪಾಪ, ಇವರು ಕೇಳಿದ್ದು ಕೊಡಬೇಕು ಕಣ್ರೀ. ಇವರಿಲ್ಲದೆ ನಮಗೆ ಗತಿಯಿಲ್ಲ" ಎಂದು ಕಿರಾಣಿ ಅಂಗಡಿಯ ಶೆಟ್ಟರು ಭಾಷಣವನ್ನೇ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಷಡಕ್ಷರಪ್ಪ ಅಲ್ಲಿಗೆ ಬಂದು, "ಹಾಗಾದರೆ ಮನೆ ಕಂದಾಯ ಏರಿಸಲಾ ಶೆಟ್ರೆ?" ಅಂದ.

ಶೆಟ್ಟರಿಗೆ ಅಂಗಡಿಯಲ್ಲಿ ಏನೋ ಕೆಲಸ ನೆನಪಾಯಿತು. ಅವರ ಹಿಂದೆಯೇ ಚಪ್ಪಾಳೆ ತಟ್ಟಿದವರಿಗೆಲ್ಲ ಒಂದೊಂದು ಕೆಲಸ ನೆನಪಾಯಿತು. ಚಪ್ಪರದಲ್ಲಿ ಇಬ್ಬರು ಅಧ್ಯಕ್ಷರು, ಸಂಘದವರು, ಒಂದು ನಾಯಿ ಉಳಿದರು.

ಷಡಕ್ಷರಪ್ಪ ಇನ್ನೂ ಕೆಲವು ದಿನ ಹಟ ಹಿಡಿಯುತ್ತಿದ್ದನೋ ಏನೋ. ಆದರೆ ಅವನ ಮಗಳನ್ನು ನೋಡಲು ದಾವಣಗೆರೆಯಿಂದ ಗಂಡಿನ ಕಡೆಯವರು ಬಂದರು. ಕಾರಿನಿಂದ ಇಳಿದವರು ಮೂಗಿಗೆ ಕರವಸ್ತ್ರ ಒತ್ತಿಕೊಂಡರು. ನಡುಮನೆಯಲ್ಲಿ ಕೂತ ಮೇಲೂ ತೆಗೆಯಲಿಲ್ಲ. ಉಪ್ಪಿಟ್ಟು ಕೇಸರಿಬಾತು ತಟ್ಟೆಯಲ್ಲೇ ಆರಿದವು. ಹುಡುಗಿ ಬಂದು ಕೂತಳು, ಎದ್ದು ಹೋದಳು.

"ಏನು ತೀರ್ಮಾನ ಮಾಡಿದ್ರಿ?" ಎಂದು ಷಡಕ್ಷರಪ್ಪ ವಿನಯದಿಂದ ಕೇಳಿದ.

ಗಂಡಿನ ತಂದೆ ಕರವಸ್ತ್ರದೊಳಗಿಂದಲೇ ಏನೋ ಅಂದರು. ಅದು 'ಹೂಂ' ಎಂದೋ 'ಊಹೂಂ' ಎಂದೋ ಯಾರಿಗೂ ತಿಳಿಯಲಿಲ್ಲ. ಇನ್ನೊಮ್ಮೆ ಕೇಳುವಷ್ಟರಲ್ಲಿ ಕಾರು ಹೊರಟಿತ್ತು.

ಷಡಕ್ಷರಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು ನೇರ ಚಪ್ಪರಕ್ಕೆ ನಡೆದ. ಸಣ್ಣೀರಮ್ಮ ಘೋಷಣೆಗೆ ಬಾಯಿ ತೆರೆದಿದ್ದಳು.

"ಸಾಕು ಕಣಮ್ಮ, ಮುಚ್ಚು. ನೀವು ಕೇಳಿದ್ದೆಲ್ಲಾ ಕೊಟ್ಟೆ."

"ಎಲ್ಲಾ ಅಂದ್ರೆ?"

"ಮೂರು ಪಟ್ಟು. ಸೋಫಾ ಸಮೇತ."

ಸಣ್ಣೀರಮ್ಮನ ಬಾಯಿ ತೆರೆದೇ ಇತ್ತು. ಸಂಘದವರು ಒಂದು ಗಳಿಗೆ ಬೆಪ್ಪಾಗಿ ನಿಂತು, ಆಮೇಲೆ ಕುಣಿದಾಡಿದರು. ಅವಳ ಕೊರಳಿಗೆ ಹಾರ ಬಿತ್ತು. ಮೆಹಬೂಬ ಟ್ರ್ಯಾಕ್ಟರಿನ ಹಾರನ್ ಬಿಡದೆ ಒತ್ತಿದ. ಸಣ್ಣೀರಮ್ಮನೂ ನಕ್ಕಳು. ಆದರೆ ಮನೆಗೆ ನಡೆಯುವಾಗ ಹಾರವನ್ನು ಕೊರಳಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಕೂಗಾಡಲು ಇಟ್ಟುಕೊಂಡಿದ್ದ ಮಾತೆಲ್ಲ ಗಂಟಲಲ್ಲೇ ಉಳಿದಿತ್ತು. ಚೌಕಾಸಿಯಿಲ್ಲದೆ ಷಡಕ್ಷರಪ್ಪ ಒಪ್ಪಿದ್ದನ್ನು ಅವಳು ಜೀವಮಾನದಲ್ಲಿ ಕಂಡಿರಲಿಲ್ಲ.

ಬೀದಿಗಳೆಲ್ಲ ಶುದ್ಧವಾದ ಮೇಲೆ ಷಡಕ್ಷರಪ್ಪ ಅವಳನ್ನು ಕಚೇರಿಗೆ ಕರೆಸಿದ.

"ನೋಡಮ್ಮ, ನಾನು ಮಾತಿಗೆ ತಪ್ಪೋನಲ್ಲ. ನಿಮಗೆ ಮೂರು ಪಟ್ಟು ಕೊಡೋಕೆ ಬೀದಿದೀಪ ಅರ್ಧ ಆರಿಸಿದೆ. ನಲ್ಲಿ ನೀರು ವಾರಕ್ಕೊಂದೇ ದಿನ. ಅಷ್ಟಾದರೂ ಸಾಲಲಿಲ್ಲ. ಹೊಸದಾಗಿ ಸೇರಿದವರು ನಿಮ್ಮಲ್ಲಿ ಅರ್ಧ ಜನ ಇದ್ದಾರಲ್ಲ, ಬರೋ ತಿಂಗಳಿಂದ ಅವರು ಬರೋದು ಬೇಡ. ಸೋಫಾಕ್ಕೂ ಹೇಳಿದೀನಿ. ಬಣ್ಣ ಯಾವುದಿರಲಿ?"

ಸಣ್ಣೀರಮ್ಮ ಎದ್ದು ಹೊರಗೆ ಬಂದರೆ ಬಾಗಿಲಲ್ಲೇ ಮಾರಕ್ಕ ನಿಂತಿದ್ದಳು. ಮಾರಕ್ಕ ಆ ವರ್ಷವಷ್ಟೇ ಕೆಲಸಕ್ಕೆ ಸೇರಿದವಳು. ಗಂಡ ಕಟ್ಟಡದ ಮೇಲಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಮನೆ ಅವಳ ಸಂಬಳದ ಮೇಲೇ ನಡೆಯುತ್ತಿತ್ತು.

"ಅಕ್ಕಾ, ನಿನ್ನ ಹಾರಕ್ಕೆ ನಾನೂ ದುಡ್ಡು ಹಾಕಿದ್ದೆ. ಕೂಗಿದ್ದೂ ಎಲ್ಲರಷ್ಟೇ ಕೂಗಿದ್ದೆ. ಈಗ ನನ್ನನ್ನೇ ತೆಗೆದರಾ?" ಅಂದಳು. ಅಳಲಿಲ್ಲ. ಅತ್ತಿದ್ದರೆ ಸಣ್ಣೀರಮ್ಮ ಸಮಾಧಾನವಾದರೂ ಹೇಳುತ್ತಿದ್ದಳು.

ಹೊಂಗೆಮರದ ಕೆಳಗೆ ಮತ್ತೆ ಸಭೆ ಸೇರಿತು. ಹಳಬರು ಹೊಸಬರು ಬೇರೆಬೇರೆ ಕಡೆ ಕೂತರು. ಮೊದಲು ಹಾಗೆ ಕೂತವರಲ್ಲ.

"ಅಧ್ಯಕ್ಷರ ಹತ್ತಿರ ಹೋಗಿ, ನಮಗೆ ಅಷ್ಟು ಬೇಡ ಅಂತೀನಿ" ಅಂದಳು ಸಣ್ಣೀರಮ್ಮ.

ಮೆಹಬೂಬ ಹೌಹಾರಿದ. "ಗೆದ್ದ ಮೇಲೆ ಹೋಗಿ ಕಮ್ಮಿ ಮಾಡಿ ಅಂತ ಯಾರಾದರೂ ಕೇಳ್ತಾರಾ ಅಕ್ಕಾ? ಊರು ನಗುತ್ತೆ."

"ಮಾರಕ್ಕನ ಬೀದಿ ನಾಳೆ ಯಾರು ಗುಡಿಸ್ತಾರೆ?"

"ನಾವೇ."

"ಅಲ್ಲಿಗೆ ಸಂಬಳ ಮೂರು ಪಟ್ಟು, ಬೀದಿ ಎರಡು ಪಟ್ಟು, ಸಂಘ ಅರ್ಧ. ಮುಂದಿನ ಸಲ ಉಳಿದರ್ಧ ತೆಗೆದರೆ ನಮ್ಮ ಪರವಾಗಿ ಕೂಗೋಕೆ ಯಾರಿರ್ತಾರೋ? ನಿನ್ನ ಸೋಫಾ ಕೂಗುತ್ತಾ?"

ಮೆಹಬೂಬ ಎದ್ದು ಹೊಸಬರ ಕಡೆ ಹೋಗಿ ಕುಳಿತ. ಒಬ್ಬೊಬ್ಬರಾಗಿ ಮಿಕ್ಕವರೂ ಹೋದರು.

ಅದೇ ಸಂಜೆ ಸಣ್ಣೀರಮ್ಮ ಷಡಕ್ಷರಪ್ಪನ ಮನೆಗೆ ಹೋದಳು. ಅವನು ಜಗಲಿಯಲ್ಲಿ ಸಪ್ಪೆ ಮೋರೆ ಹಾಕಿಕೊಂಡು ಕೂತಿದ್ದ. ಗಂಡಿನ ಕಡೆಯವರು ಅಂದಿದ್ದು 'ಊಹೂಂ' ಎಂದೇ ಅಷ್ಟರಲ್ಲಿ ತಿಳಿದುಬಂದಿತ್ತು. ಮಗಳು ಮಾತ್ರ ಒಳಗೆ ಹಾಡು ಗುನುಗುತ್ತಿದ್ದಳು. ಅವಳಿಗೂ ಆ ಹುಡುಗ ಹಿಡಿಸಿರಲಿಲ್ಲ.

"ಸಾಹೇಬ್ರೆ, ಒಂದು ನಿಜ ಹೇಳೋಕೆ ಬಂದೆ" ಅಂದಳು ಸಣ್ಣೀರಮ್ಮ. "ನಮಗೆ ಮೂರು ಪಟ್ಟು ಬೇಕಿರಲಿಲ್ಲ. ಒಂದೂವರೆ ಸಾಕಿತ್ತು. ಸೋಫಾ ಬೇಡವೇ ಬೇಡ. ಯಾರನ್ನೂ ತೆಗೀಬೇಡಿ, ಅಷ್ಟು ಕೊಡಿ."

ಷಡಕ್ಷರಪ್ಪ ಸೆಟೆದು ಕೂತ. ಜಗಲಿಯಲ್ಲಿದ್ದರೂ ಅವನ ಮನಸ್ಸು ಪಾತ್ರೆ ಅಂಗಡಿಗೆ ಓಡಿತು. "ಒಂದೂವರೆ ಜಾಸ್ತಿಯಾಯ್ತು ಕಣಮ್ಮ. ಅದರಲ್ಲಿ ಅರ್ಧ..."

"ಇದರಲ್ಲಿ ಅರ್ಧ ಇಲ್ಲ. ಇದು ಬೇಕಾಗಿರೋದೇ ಇಷ್ಟು. ಇದಕ್ಕಿಂತ ಕಮ್ಮಿಯಾದರೆ ನಾವು ಉಪವಾಸ, ಇದಕ್ಕಿಂತ ಜಾಸ್ತಿಯಾದರೆ ಮಾರಕ್ಕ ಉಪವಾಸ."

ಎದುರಿಗಿದ್ದವರು ನಿಜ ಹೇಳಿದಾಗ ಮಾಡುವ ವ್ಯಾಪಾರ ಷಡಕ್ಷರಪ್ಪ ಕಲಿತೇ ಇರಲಿಲ್ಲ. ಅವಳ ಮುಖ ನೋಡಿದ, ನೆಲ ನೋಡಿದ, ಟವೆಲ್ಲು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡ.

"ಬೊಕ್ಕಸದಲ್ಲಿ ಜಿರಲೆ ಅಂತಿದ್ದೆನಲ್ಲ, ಅದು ಸುಳ್ಳು" ಅಂದ ಕೊನೆಗೆ. "ಕಮಾನಿಗೆ ತೆಗೆದಿಟ್ಟ ದುಡ್ಡಿದೆ. ಕಮಾನು ನಿಲ್ಲಿಸಿದರೆ ನೀವು ಈಗ ಕೇಳಿದ ಏರಿಕೆಯಲ್ಲಿ ಮುಕ್ಕಾಲು ಬರುತ್ತೆ. ಮಿಕ್ಕ ಕಾಲಿಗೆ ನಿಜವಾಗಿಯೂ ನನ್ನ ಹತ್ತಿರ ಇಲ್ಲ."

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀನು ನಾಲ್ಕು ಪಟ್ಟು ಕೇಳ್ತಿದ್ದೆ."

ಸಣ್ಣೀರಮ್ಮ ಯೋಚಿಸಿ ನೋಡಿದಳು. ಕೇಳುತ್ತಿದ್ದದ್ದು ಹೌದು.

"ಕಮಾನಿಗೆ ನನ್ನ ಹೆಸರಿನ ಅಕ್ಷರ ಬೇರೆ ಮಾಡಿಸಿಬಿಟ್ಟಿದೀನಿ" ಎಂದ ಷಡಕ್ಷರಪ್ಪ. ಅವನ ದನಿಯಲ್ಲಿ ನಿಜವಾದ ದುಃಖವಿತ್ತು. ಸಣ್ಣೀರಮ್ಮನಿಗೆ ನಗು ಬಂದರೂ ತಡೆದುಕೊಂಡಳು. ಸೋಫಾ ಕೇಳಿದವಳಿಗೆ ಕಮಾನು ಕಟ್ಟಿದವನನ್ನು ನೋಡಿ ನಗುವ ಹಕ್ಕಿಲ್ಲ ಎಂದು ಅವಳಿಗೇ ಅನ್ನಿಸಿತು.

ಉಳಿದದ್ದು ಕಾಲು ಭಾಗ. ಅದು ಮನೆ ಕಂದಾಯದಿಂದಲೇ ಬರಬೇಕಿತ್ತು. ಅದನ್ನು ಊರಿಗೆ ಹೇಳುವುದು ಯಾರು? ಒಬ್ಬರೇ ಹೇಳಿದರೆ ಬೈಗುಳವೂ ಒಬ್ಬರಿಗೇ. ಹಾಗಾಗಿ ಇಬ್ಬರೂ ಸೇರಿ ಹೇಳುವುದೆಂದಾಯಿತು.

ಭಾನುವಾರ ಬಸ್ ನಿಲ್ದಾಣದ ಮುಂದೆ ಇಬ್ಬರು ಅಧ್ಯಕ್ಷರೂ ಒಂದೇ ಕಟ್ಟೆಯ ಮೇಲೆ ನಿಂತರು. ಊರವರಿಗೆ ಅದೇ ದೊಡ್ಡ ಆಶ್ಚರ್ಯ. ಷಡಕ್ಷರಪ್ಪ ಬೊಕ್ಕಸದಲ್ಲಿ ಎಷ್ಟಿದೆ, ಎಷ್ಟಿಲ್ಲ ಎಂದು ಹೇಳಿದ. ಹಿಂದಿನವರಿಗೆ ಕೇಳದ್ದನ್ನು ಸಣ್ಣೀರಮ್ಮ ಇನ್ನೊಮ್ಮೆ ಹೇಳಿದಳು. ಕಂದಾಯ ಸ್ವಲ್ಪ ಏರುತ್ತದೆ ಎಂದಾಗ ಗುಂಪಿನಲ್ಲಿ ಗೊಣಗಾಟವೆದ್ದಿತು. ಕಿರಾಣಿ ಅಂಗಡಿಯ ಶೆಟ್ಟರಿಗೆ ಮತ್ತೆ ಕೆಲಸ ನೆನಪಾಗುವುದರಲ್ಲಿತ್ತು.

"ಶೆಟ್ರೆ, ಹೋಗಬೇಡಿ" ಎಂದು ಸಣ್ಣೀರಮ್ಮ ಕೂಗಿದಳು. ನಿಲ್ದಾಣದಿಂದ ಹೊರಟಿದ್ದ ಬಸ್ಸೂ ನಿಂತಿತು, ಶೆಟ್ಟರೂ ನಿಂತರು. "'ಇವರಿಲ್ಲದೆ ನಮಗೆ ಗತಿಯಿಲ್ಲ' ಅಂತ ಅವತ್ತು ನೀವೇ ಅಂದ್ರಿ. ನಮಗೂ ನಿಮ್ಮನ್ನು ಬಿಟ್ಟರೆ ಗತಿಯಿಲ್ಲ. ನಮ್ಮ ಸಂಬಳ ಅಧ್ಯಕ್ಷರ ಜೇಬಿಂದ ಬರಲ್ಲ, ನಿಮ್ಮ ಮನೆಯಿಂದ ಬರುತ್ತೆ. ಅದಕ್ಕೇ ನಿಮ್ಮನ್ನೇ ಕೇಳ್ತಾ ಇದ್ದೀವಿ."

ಶೆಟ್ಟರು ಕನ್ನಡಕ ಒರೆಸಿಕೊಂಡರು. "ಇದರಲ್ಲಿ ಏನಾದರೂ ಕಮ್ಮಿ ಮಾಡಿಕೊಳ್ತೀರಾ?" ಎಂದು ಮೆಲ್ಲಗೆ ಕೇಳಿದರು.

"ಇಲ್ಲ" ಎಂದರು ಇಬ್ಬರು ಅಧ್ಯಕ್ಷರೂ ಒಂದೇ ಉಸಿರಿನಲ್ಲಿ.

ಶೆಟ್ಟರು ಒಪ್ಪಿಕೊಂಡರು. ಅವರು ಒಪ್ಪಿದ ಮೇಲೆ ಊರೂ ಗೊಣಗುತ್ತಲೇ ಒಪ್ಪಿತು. ಬೀದಿದೀಪ ಹತ್ತಿತು, ನಲ್ಲಿಯಲ್ಲಿ ನೀರು ಮೊದಲಿನಂತೆ ಬಂತು. ಯಾರ ಕೆಲಸವೂ ಹೋಗಲಿಲ್ಲ. ಹೊಸ ಸಂಬಳ ಕೈಗೆ ಬಂದ ದಿನ ಮಾರಕ್ಕ ಗಂಡನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿ, ಅವನ ಕಾಲಿನ ಪಟ್ಟಿ ಬಿಚ್ಚಿಸಿಕೊಂಡು ಬಂದಳು.

ನೀತಿ: ದುಡಿಯುವವರು ಒಗ್ಗಟ್ಟಾಗಿ ಕೇಳುವುದು ನ್ಯಾಯ, ಬೊಕ್ಕಸ ನೋಡಿ ಕೊಡುವುದೂ ನ್ಯಾಯ. ಆದರೆ ಕೇಳುವವರು ಬೇಕಾದ್ದಕ್ಕಿಂತ ಹೆಚ್ಚು ಹೇಳಿ, ಕೊಡುವವರು ಇರುವುದಕ್ಕಿಂತ ಕಮ್ಮಿ ತೋರಿಸಿದರೆ, ಆ ಎರಡು ಸುಳ್ಳುಗಳ ನಡುವೆ ಸಿಕ್ಕಿ ನರಳುವವರು ಎಲ್ಲರಿಗಿಂತ ಬಡವರು. ಊರಿನ ಹಣದ ಮಾತನ್ನು ಊರಿನ ಮುಂದೆ, ನಿಜವಾಗಿ ಆಡಬೇಕು.